ಸಹಾಯ ಬೇಕು: ಗೀಳು ಕಾಯಿಲೆಯ ಅಧ್ಯಯನಕ್ಕಾಗಿ ಮಿದುಳಿನ ಸ್ಕ್ಯಾನ್

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಆರು ವರ್ಷಗಳಿಂದ ಒಸಿಡಿ ಎಂಬ ಗೀಳು ಕಾಯಿಲೆಗೆ ಚಿಕಿತ್ಸೆ ಪಡೆಯುತ್ತಿದ್ದಾನೆ. ತೊಳೆದೂ ತೊಳೆದೂ ಬೆರಳ ಗೆಣ್ಣುಗಳ ಚರ್ಮ ಬಿರಿದು, ಊಟದಲ್ಲಿ ಸಾರಿನ ಖಾರ ತಗುಲಿದರೆ ಕೈ ಹಿಂದಕ್ಕೆಳೆದುಕೊಳ್ಳುತ್ತಾನೆ. ಮಿದುಳಿನ ರಾಸಾಯನಿಕಗಳ ಕುರಿತ ಅಧ್ಯಯನವೊಂದಕ್ಕೆ ಸ್ವಯಂಸೇವಕನಾಗಿ ಎಂ.ಆರ್. ಸ್ಪೆಕ್ಟ್ರೋಸ್ಕೋಪಿ ಮಾಡಿಸಿಕೊಳ್ಳಲು ಅವನನ್ನು ಈಚೆಗೆ ಕೇಳಿದ್ದಾರೆ.

ನನಗೆ ಅರ್ಥವಾಗಿರುವಂತೆ, ಇದಕ್ಕೆ ಎಂ.ಆರ್.ಐ. ಯಂತ್ರವನ್ನೇ ಬಳಸಿದರೂ, ಚಿತ್ರದ ಬದಲು ಮಿದುಳಿನ ಒಂದು ಸಣ್ಣ ಭಾಗದಿಂದ ಬರುವ ಸಂಕೇತವನ್ನು ಏರಿಳಿತದ ಗೆರೆಯಾಗಿ ಪಡೆದು, ಯಾವ ರಾಸಾಯನಿಕ ಎಷ್ಟಿದೆಯೆಂದು ಅಂದಾಜು ಮಾಡುತ್ತಾರೆ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 31 ರೋಗಿಗಳನ್ನೂ 30 ಆರೋಗ್ಯವಂತರನ್ನೂ 7 ಟೆಸ್ಲಾ (ಟೆಸ್ಲಾ ಎಂದರೆ ಯಂತ್ರದ ಕಾಂತಬಲದ ಅಳತೆ) ಯಂತ್ರದಲ್ಲಿ ಪರೀಕ್ಷಿಸಿದಾಗ, ರೋಗಿಗಳ ಮಿದುಳಿನ ಮುಂಭಾಗದ ಸಿಂಗ್ಯುಲೇಟ್ ಪ್ರದೇಶದಲ್ಲಿ ನರಕೋಶಗಳನ್ನು ಪ್ರಚೋದಿಸುವ ಗ್ಲುಟಮೇಟ್ ಹೆಚ್ಚಾಗಿಯೂ ಅವನ್ನು ತಡೆಯುವ ಗಾಬಾ ಕಡಿಮೆಯಾಗಿಯೂ ಕಂಡುಬಂದಿತ್ತು. ಇದನ್ನು ಓದಿ ಹೇಳಿದಾಗ, "ಹಾಗಾದರೆ ಇದು ನನ್ನ ಹಟವಲ್ಲ, ಅಲ್ವೇನಕ್ಕ?" ಎಂದು ಅವನು ಕೇಳಿದ್ದು ನನ್ನ ಮನಸ್ಸಿನಿಂದ ಹೋಗಿಲ್ಲ.

ಅವನನ್ನು ಕರೆದಿರುವಲ್ಲಿ ಇರುವುದು 3 ಟೆಸ್ಲಾ ಯಂತ್ರ. ಅದರಲ್ಲಿ ಗ್ಲುಟಮೇಟ್ ಮತ್ತು ಅದನ್ನು ಬಹಳ ಹೋಲುವ ಗ್ಲುಟಮಿನ್ ಎಂಬ ರಾಸಾಯನಿಕದ ಸಂಕೇತಗಳು ಒಂದರ ಮೇಲೊಂದು ಬೀಳುತ್ತವೆ ಎನ್ನುತ್ತಾರೆ. ಹಾಗಿದ್ದರೆ ಫಲಿತಾಂಶವನ್ನು ಹೇಗೆ ಓದಬೇಕು, ಅವನು ಸೇವಿಸುತ್ತಿರುವ ಫ್ಲುಆಕ್ಸೆಟಿನ್ ಮಾತ್ರೆ ಅಳತೆಯ ಮೇಲೆ ಪ್ರಭಾವ ಬೀರುತ್ತದೆಯೇ ಎಂಬುದನ್ನು ರೇಡಿಯಾಲಜಿ ಅಥವಾ ಮನೋವೈದ್ಯಶಾಸ್ತ್ರ ಬಲ್ಲವರು ದಯವಿಟ್ಟು ತಿಳಿಸಬೇಕು. ಹಲವರು ಮಲಗಿದ ಮೇಜಿನ ಮೇಲೆ ಮಲಗಬೇಕೆಂಬುದೇ ತಮ್ಮನ ದೊಡ್ಡ ಆತಂಕ. ಇಂಥ ಸ್ಕ್ಯಾನ್‌ಗೆ ಒಳಗಾದವರಿದ್ದರೆ, ಎಷ್ಟು ಹೊತ್ತು ಅಲುಗಾಡದೆ ಇರಬೇಕಾಯಿತು, ಮನೆಯಿಂದ ಒಗೆದ ಬಟ್ಟೆ ಒಯ್ದು ಹಾಸಿಕೊಳ್ಳಲು ಬಿಟ್ಟರೇ ಎಂಬುದನ್ನೂ ಬರೆಯಿರಿ.