ಪದಚರ್ಚೆ: ಡಾರ್ಕ್ ಲ್ಯಾಂಟರ್ನ್, ಚೇಂಜ್‌ಲಿಂಗ್, ಡಬಲ್ ಏಜೆಂಟ್ – ಕನ್ನಡದಲ್ಲಿ ಏನನ್ನೋಣ?
ಒಬ್ಬೊಬ್ರು ಒಂದೊಂದು ಪಾತ್ರ ವಹಿಸ್ಕೊಂಡು ಕಥೆ ಕಟ್ಟುತ್ತಾ ಆಡೋ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ ಎಬೆರಾನ್ ಅನ್ನೋ ಕಲ್ಪನಾಲೋಕದಲ್ಲಿ ಆಡಿರೋರು ಯಾರಾದ್ರೂ ಇದ್ದೀರಾ? ಕೀತ್ ಬೇಕರ್ ಕಟ್ಟಿದ್ದು, 2004ರಲ್ಲಿ ಬಂತು. ನೂರು ವರ್ಷಕ್ಕೂ ಮೇಲೆ ನಡೆದ ಯುದ್ಧ ಈಗಷ್ಟೇ ಒಪ್ಪಂದದಲ್ಲಿ ನಿಂತಿದೆ, ಯಾರಿಗೂ ಯಾರ ಮೇಲೂ ನಂಬಿಕೆಯಿಲ್ಲ, ಹಾಗಾಗಿ ಅಲ್ಲಿ ಕತ್ತಿ ಹಿಡಿದೋರಿಗಿಂತ ಬೇಹುಗಾರರಿಗೇ ಕೈತುಂಬಾ ಕೆಲಸ. ಅಲ್ಲಿ ನಡೆಯೋ ಗೂಢಚಾರಿ ಕಾದಂಬರಿಯೊಂದನ್ನ ಕನ್ನಡಕ್ಕೆ ತರ್ತಿದೀನಿ.

ಆ ಲೋಕದ ಬ್ರೆಲ್ಯಾಂಡ್ ರಾಜ್ಯದ ಗುಪ್ತಚರ ಪಡೆ ಹೆಸರು ಡಾರ್ಕ್ ಲ್ಯಾಂಟರ್ನ್ಸ್. ಡಾರ್ಕ್ ಲ್ಯಾಂಟರ್ನ್ ಅಂದ್ರೆ ಆರಿದ ದೀಪ ಅಲ್ಲ, ಒಳಗೆ ಉರೀತಾನೇ ಇರುತ್ತೆ, ಪಕ್ಕದ ತಗಡು ಸರಿಸಿದ್ರೆ ಬೆಳಕು ಮುಚ್ಚಿಹೋಗುತ್ತೆ, ಬೇಕಾದಾಗ ಮತ್ತೆ ತೆಗೀಬಹುದು. 'ಕತ್ತಲ ದೀಪ' ಅಂದ್ರೆ ಕವನ ಸಂಕಲನದ ಥರ ಕೇಳುತ್ತೆ! ಕಳ್ಳಬಾಗಿಲು, ಕಳ್ಳಹೆಜ್ಜೆ ಇದ್ದ ಹಾಗೆ 'ಕಳ್ಳಗಂದೀಲು' ಅಂತ ಮಾಡಿದೀನಿ, ಆದ್ರೆ ರಾಜನ ಪಡೆಗೆ 'ಕಳ್ಳ' ಅಂಟಿಸೋದು ಸರೀನಾ?

ಚೇಂಜ್‌ಲಿಂಗ್ ಅನ್ನೋ ಜನಾಂಗದೋರು ಮುಖ, ಮೈಕಟ್ಟು, ದನಿ ಎಲ್ಲಾ ಬದಲಾಯಿಸ್ಕೋತಾರೆ. ಮಾರುವೇಷ, ಬಹುರೂಪಿ ಎರಡೂ ಬಟ್ಟೆ ಬಣ್ಣದ ಮಾತು, ಇಲ್ಲಿ ವೇಷ ಅಲ್ಲ, ಮೈಯೇ ಬೇರೆ ಆಗುತ್ತೆ. ರಾಮಾಯಣದ ಹನುಮಂತ, ಮಾರೀಚ ಇಬ್ರಿಗೂ ಸಲ್ಲೋ 'ಕಾಮರೂಪಿ' ಇದಕ್ಕೆ ಹೇಳಿಮಾಡಿಸಿದ ಪದ. "ಕಾವಲುಗಾರ ತಿರುಗೋದ್ರೊಳಗೆ ಕಾಮರೂಪಿಯ ಮೂಗು ಮೊಂಡಾಗಿ ಕೂದಲು ನರೆತಿತ್ತು" ಅಂತ ಬರೆದ್ರೆ ನನಗಂತೂ ಹಿಡಿಸುತ್ತೆ, ಆದ್ರೆ ಈಗಿನೋರು 'ಕಾಮ' ಅಂದ ತಕ್ಷಣ ಬೇರೇನೋ ಅಂದ್ಕೊಂಡು ನಗ್ತಾರೇನೋ ಅಂತ ಅನುಮಾನ.

ಡಬಲ್ ಏಜೆಂಟಿಗೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲೇ 'ಉಭಯವೇತನ' ಇದೆ, ಎರಡೂ ಕಡೆ ಸಂಬಳ ತಗೊಳ್ಳೋನು. ಅರಮನೆಯ ಕಡತದಲ್ಲಿ ಇದನ್ನೇ ಇಟ್ಟು, ಹೆಂಡದಂಗಡಿ ಮಾತಲ್ಲಿ 'ಎರಡೂ ಕಡೆ ಉಣ್ಣೋನು' ಅನ್ನಿಸ್ತಿದೀನಿ. ಇದರ ಬಗ್ಗೆ ನನಗೆ ಗೊಂದಲ ಇಲ್ಲ.

ಕೊನೇದು, ನಾಯಕಿ ಹೆಂಗಸು. ಗೂಢಚಾರಿಣಿ ಅಂದ್ರೆ ಹಳೇ ಪತ್ತೇದಾರಿ ಕಾದಂಬರಿ ಮುಖಪುಟ ಕಣ್ಮುಂದೆ ಬರುತ್ತೆ. ಬೇಹು ನಮ್ಮದೇ ಪದ, ತಮಿಳಿನ ವೇವು, ತೆಲುಗಿನ ವೇಗು ಇದರ ನೆಂಟರೇ. ಹಾಗಾಗಿ ಮಾಟಗಾತಿ ಥರ 'ಬೇಹುಗಾತಿ' ಅನ್ನೋಣ ಅಂತಿದೀನಿ. ಹಾಡುಗಾರ್ತಿ ಥರ 'ಬೇಹುಗಾರ್ತಿ'ನೂ ಆಗುತ್ತೆ. ನಿಮ್ಮ ಕಿವಿಗೆ ಯಾವುದು ಸರಿ ಅನ್ಸುತ್ತೆ?