ಅಪ್‌ಡೇಟ್: ಪೋಸ್ಟ್ ಬೇಸಿಕ್ ನರ್ಸಿಂಗ್ ಸೀಟು ಸಿಕ್ಕಿತು, ಕೆಲಸವೂ ಉಳಿಯಿತು
ಮೂರು ವಾರದ ಹಿಂದೆ ಕೇಳಿದ್ದೆ, ನೆನಪಿದೆಯಾ? ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಮುಗಿಸಿ ಚಿತ್ರದುರ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಸ್ಟಾಫ್ ನರ್ಸ್ ಆಗಿದ್ದೇನೆ, ಕೆಲಸ ಬಿಡದೆ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ (ಡಿಪ್ಲೊಮಾ ಆದವರು ಮಾಡುವ ಡಿಗ್ರಿ) ಮಾಡಬಹುದಾ ಅಂತ. ದಾವಣಗೆರೆಯಲ್ಲಿ ಸೀಟು ಸಿಕ್ಕಿತು!

ನೈಟ್ ಡ್ಯೂಟಿ ಮಾಡಿ ಹಗಲು ಕ್ಲಾಸಿಗೆ ಹೋಗಿ ಅಂತ ತುಂಬಾ ಜನ ಹೇಳಿದಿರಿ. ಅದು ಆಗುವ ಮಾತಲ್ಲ. ಇದು 2 ವರ್ಷದ ರೆಗ್ಯುಲರ್ ಕೋರ್ಸ್, ಪಾಠದ ಜೊತೆಗೆ ವಾರ್ಡ್ ಪೋಸ್ಟಿಂಗ್, ಹಳ್ಳಿ ಕಡೆ ಪೋಸ್ಟಿಂಗ್ ಎಲ್ಲಾ ಇರುತ್ತೆ, ನಿದ್ದೆಗಣ್ಣಲ್ಲಿ ಇಂಜೆಕ್ಷನ್ ಕೊಡುವ ಧೈರ್ಯ ನನಗಂತೂ ಇಲ್ಲ. ದಾವಣಗೆರೆಗೆ ರೈಲಲ್ಲಿ ಓಡಾಡಿ ಅನ್ನೋ ಸಲಹೆಯೂ ಕೈಕೊಟ್ಟಿತು, ಚಿಕ್ಕಜಾಜೂರು ಜಂಕ್ಷನ್ ಸುತ್ತಿಕೊಂಡು ಹೋಗಬೇಕು. ಬಸ್ಸೇ ವಾಸಿ.

ಉಪಯೋಗಕ್ಕೆ ಬಂದಿದ್ದು ಒಬ್ಬರು ಅಕ್ಕ ಹೇಳಿದ ಮಾತು: ರಾಜೀನಾಮೆ ಕೊಡಬೇಡ, ಸಂಬಳವಿಲ್ಲದ ರಜೆ ಬರೆದುಕೊಟ್ಟು ಭಾನುವಾರ, ರಜೆ ದಿನಗಳಲ್ಲಿ ದಿನದ ಲೆಕ್ಕಕ್ಕೆ ಡ್ಯೂಟಿ ಕೇಳು. ಹೆದರಿಕೊಂಡೇ ಮೇಟ್ರನ್ (ನರ್ಸ್‌ಗಳ ಮುಖ್ಯಸ್ಥೆ) ಹತ್ರ ಹೋದೆ. "ಓದಿ ಬಾರಮ್ಮ, ಆದ್ರೆ ದೀಪಾವಳಿಗೆ ರಜೆ ಅಂತ ಬರಬೇಡ" ಅಂದರು, ಅಷ್ಟೇ. ಪೂರ್ತಿ ಸಂಬಳ ಬರಲ್ಲ, ಮನೆ ಖರ್ಚಿನ ಅರ್ಧ ಆದರೂ ಹುಟ್ಟುತ್ತೆ.

ಒಂದು ವಿಷಯ ಮಾತ್ರ ಯಾರೂ ಹೇಳಿರಲಿಲ್ಲ. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ನನ್ನ ಇನಿಷಿಯಲ್ ಒಂದು, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಇನ್ನೊಂದು! ನೋಟರಿ, ಅಫಿಡವಿಟ್ ಅಂತ ನಾಲ್ಕು ದಿನ ಸುತ್ತಿದೆ. ಅರ್ಜಿ ಹಾಕುವ ಮೊದಲೇ ಎರಡನ್ನೂ ಪಕ್ಕ ಇಟ್ಟು ನೋಡಿಕೊಳ್ಳಿ.

ಸೋಮವಾರದಿಂದ ಕ್ಲಾಸು. ಮಗಳು ಐದನೇ ತರಗತಿ, ಇಬ್ಬರಿಗೂ ಒಂದೇ ಅಂಗಡಿಯಲ್ಲಿ ನೋಟ್‌ಬುಕ್ ತಂದೆವು.