ದೂರದೂರಿನಲ್ಲಿದ್ದು ನಾಲ್ಕೈದು ಮನೆಗಳ ಬಾಡಿಗೆ ಕಟ್ಟಡ ಕೊಳ್ಳುವುದು: ಅನುಭವ ಹಂಚಿಕೆ

ಪ್ರಶ್ನೆ, ಮಸ್ಕತ್‌ನಿಂದ

ಎಲ್ಲರಿಗೂ ನಮಸ್ಕಾರ. ನಾನು ಮೂಲತಃ ಕುಂದಾಪುರದ ಕಡೆಯವನು, ಹನ್ನೊಂದು ವರ್ಷಗಳಿಂದ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದೇನೆ. ಕೈಯಲ್ಲಿ ಸುಮಾರು 90 ಲಕ್ಷ ರೂಪಾಯಿ ಉಳಿತಾಯವಿದೆ. ಇನ್ನು ಆರೇಳು ವರ್ಷಗಳಲ್ಲಿ ಊರಿಗೆ ಮರಳುವ ಯೋಚನೆ ಇರುವುದರಿಂದ, ಉಳಿದ ಹಣಕ್ಕೆ ಬ್ಯಾಂಕ್ ಸಾಲ ಮಾಡಿ ಬೆಂಗಳೂರಿನಲ್ಲಿ 30×40 ನಿವೇಶನದ ಬಾಡಿಗೆ ಕಟ್ಟಡವೊಂದನ್ನು ಕೊಳ್ಳಬೇಕೆಂದಿದ್ದೇವೆ. ಬ್ರೋಕರ್ ಒಬ್ಬರು ವಿಡಿಯೊ ಕಳುಹಿಸಿದ್ದಾರೆ. ಐದು ಮನೆಗಳಿವೆ, ಬೆಲೆ 1 ಕೋಟಿ 75 ಲಕ್ಷ, ತಿಂಗಳಿಗೆ 72 ಸಾವಿರ ಬಾಡಿಗೆ ಬರುತ್ತದೆ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಇದುವರೆಗೆ ಯಾರೂ ಬಾಡಿಗೆ ಆಸ್ತಿ ಮಾಡಿದವರಲ್ಲ. ದೂರದಲ್ಲಿದ್ದುಕೊಂಡೇ ಇಂಥದ್ದನ್ನು ಕೊಂಡು ನಡೆಸುತ್ತಿರುವವರು ಮೊದಲು ಏನನ್ನು ನೋಡಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ, ನ್ಯೂಜೆರ್ಸಿಯಿಂದ

ನಾನು 2019ರಲ್ಲಿ ಇಲ್ಲಿಂದಲೇ ನಾಗರಭಾವಿ ಕಡೆ ಐದು ಮನೆಗಳ ಕಟ್ಟಡವೊಂದನ್ನು ಕೊಂಡೆ. ಕಟ್ಟಡವನ್ನು ನೋಡಲು ಎರಡು ಬಾರಿ ಬಂದು ಹೋಗಿದ್ದೆ, ಗೋಡೆ, ಸಂಪು, ತಾರಸಿಯ ಟ್ಯಾಂಕ್ ಎಲ್ಲವನ್ನೂ ನೋಡಿದ್ದೆ, ಆದರೆ ಒಳಗೆ ವಾಸವಿದ್ದ ಐದು ಕುಟುಂಬಗಳ ಜೊತೆ ಒಂದು ಮಾತನ್ನೂ ಆಡಿರಲಿಲ್ಲ. ನೋಂದಣಿಯಾಗಿ ಎರಡು ತಿಂಗಳಾದರೂ ಮೊದಲ ಮಹಡಿಯ ಮನೆಯ ಬಾಡಿಗೆ ಬರದೆ ಇದ್ದಾಗ ವಿಡಿಯೊ ಕರೆ ಮಾಡಿ ವಿಚಾರಿಸಿದೆ. ಆ ಮನೆಯ ಹೆಂಗಸು ಒಂದು ನಿಮಿಷ ಇರಿ ಎಂದು ಹೇಳಿ, ಬೀರುವಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ಮಡಿಸಿಟ್ಟಿದ್ದ ಛಾಪಾ ಕಾಗದವೊಂದನ್ನು ತೆಗೆದು ಕ್ಯಾಮೆರಾದ ಮುಂದೆ ಹಿಡಿದರು. ಅವರು ಬಾಡಿಗೆಗೆ ಇದ್ದವರಲ್ಲ, ಹಳೆಯ ಮಾಲೀಕರಿಗೆ 7 ಲಕ್ಷ ರೂಪಾಯಿ ಕೊಟ್ಟು ಭೋಗ್ಯಕ್ಕೆ ಇದ್ದವರು, ಅಂದರೆ ತಿಂಗಳ ಬಾಡಿಗೆ ಇಲ್ಲ, ಅವಧಿ ಮುಗಿದಾಗ ಮಾಲೀಕರು ಆ ಹಣವನ್ನು ಹಿಂದಿರುಗಿಸಬೇಕು. ಮೂರು ವರ್ಷದ ಕರಾರಿನಲ್ಲಿ ಇನ್ನೂ ಹದಿನಾಲ್ಕು ತಿಂಗಳು ಬಾಕಿ ಇತ್ತು. ಅವಧಿ ಮುಗಿದ ದಿನ ಆ 7 ಲಕ್ಷವನ್ನು ನಾನೇ ಹೊಂದಿಸಿ ಕೊಟ್ಟೆ, ಏಕೆಂದರೆ ಆ ಕುಟುಂಬದ್ದು ಏನೂ ತಪ್ಪಿರಲಿಲ್ಲ, ಅದು ಅವರ ಇಡೀ ಉಳಿತಾಯವಾಗಿತ್ತು. ಉಳಿದ ನಾಲ್ಕು ಮನೆಗಳ ಅಡ್ವಾನ್ಸ್ ಸೇರಿ 4 ಲಕ್ಷ 30 ಸಾವಿರವೂ ಹಳೆಯ ಮಾಲೀಕರ ಕೈಯಲ್ಲಿಯೇ ಉಳಿಯಿತು.

ಆದ್ದರಿಂದ ನನ್ನ ಮೊದಲ ಮಾತು ಇದು: ಕಟ್ಟಡಕ್ಕಿಂತ ಮೊದಲು ಬಾಡಿಗೆದಾರರನ್ನು ನೋಡಿ. ನೋಂದಣಿಯಾಗದ ಭೋಗ್ಯದ ಕರಾರು ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳನ್ನು ತೋರಿಸುವ ಋಣಭಾರ ಪತ್ರದಲ್ಲಿ (ಇ.ಸಿ.) ಕಾಣುವುದಿಲ್ಲ, ಇ.ಸಿ. ಎಷ್ಟೇ ಶುದ್ಧವಾಗಿ ಬಂದರೂ ಆ ಸಾಲ ಅಲ್ಲಿಯೇ ಇರುತ್ತದೆ. ನಿಮ್ಮವರೊಬ್ಬರು ಬ್ರೋಕರ್ ಜೊತೆಯಲ್ಲಿ ಇಲ್ಲದೆ, ಸಂಜೆ ಎಲ್ಲರೂ ಮನೆಯಲ್ಲಿರುವ ಹೊತ್ತಿಗೆ ಹೋಗಿ, ಪ್ರತಿ ಮನೆಯವರನ್ನೂ ಕೇಳಲಿ: ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಎಂದಿನಿಂದ ಇದ್ದೀರಿ, ನೀರಿನ ಹಣ ಯಾರು ಕೊಡುತ್ತಾರೆ. ಸಾಧ್ಯವಾದರೆ ಕರಾರಿನ ಫೋಟೊ ತೆಗೆದುಕೊಳ್ಳಲಿ. ಆಮೇಲೆ ಆ ವಿವರವನ್ನೆಲ್ಲ ಮಾಲೀಕರೊಂದಿಗಿನ ಕ್ರಯದ ಕರಾರಿನಲ್ಲಿ ಮನೆವಾರು ಬರೆಸಿ, ಅಡ್ವಾನ್ಸ್ ಮತ್ತು ಭೋಗ್ಯದ ಒಟ್ಟು ಮೊತ್ತವನ್ನು ಬೆಲೆಯಲ್ಲಿ ಕಳೆಯಿರಿ. ಇದನ್ನು ಕೇಳಿದರೆ ಮಾಲೀಕರು ಬೇಸರ ಪಟ್ಟುಕೊಳ್ಳುವುದಿಲ್ಲ, ವ್ಯವಹಾರ ಬಲ್ಲವರೆಲ್ಲ ಹೀಗೆಯೇ ಮಾಡುತ್ತಾರೆ. ನಾನು ಕೇಳಿರಲಿಲ್ಲ, ಅಷ್ಟೆ.

ಎರಡನೆಯದು ನಕ್ಷೆ. ಬೆಂಗಳೂರಿನ ಇಂಥ ಬಹಳಷ್ಟು ಕಟ್ಟಡಗಳಲ್ಲಿ ಮಂಜೂರಾದ ನಕ್ಷೆಯೇ ಬೇರೆ, ಕಟ್ಟಿರುವುದೇ ಬೇರೆ. ನನ್ನದರ ನಕ್ಷೆಯಲ್ಲಿ ಇದ್ದದ್ದು ನೆಲಮಹಡಿ ಮತ್ತು ಮೊದಲ ಮಹಡಿ, ಎರಡೇ ಮನೆಗಳು. ನಿಂತಿದ್ದದ್ದು ಮೂರು ಮಹಡಿ, ಐದು ಮನೆಗಳು, ಪಕ್ಕದ ಗೋಡೆಗೆ ಅಂಟಿಕೊಂಡ ಮೆಟ್ಟಿಲು. ಬ್ಯಾಂಕಿನ ಎಂಜಿನಿಯರ್ ಅಳತೆ ಮಾಡಿ, ಮಂಜೂರಾದ ಭಾಗಕ್ಕೆ ಮಾತ್ರ ಬೆಲೆ ಕಟ್ಟಿದ್ದರಿಂದ ನಾನು ಎಣಿಸಿದ್ದಕ್ಕಿಂತ 22 ಲಕ್ಷ ಕಡಿಮೆ ಸಾಲ ಸಿಕ್ಕಿತು. ನೀವು ಸಾಲವನ್ನು ನಂಬಿ ಮುಂಗಡ ಕೊಡುವ ಮೊದಲೇ ಬ್ಯಾಂಕಿನ ಕಾನೂನು ಅಭಿಪ್ರಾಯ ಮತ್ತು ಮೌಲ್ಯಮಾಪನ ಎರಡೂ ಕೈಗೆ ಬರಲಿ. 2024ರ ಅಕ್ಟೋಬರ್‌ನಿಂದ ಇ-ಖಾತೆ (ಪಾಲಿಕೆಯ ಆಸ್ತಿ ದಾಖಲೆಯ ಡಿಜಿಟಲ್ ರೂಪ) ಇಲ್ಲದೆ ನೋಂದಣಿ ನಡೆಯುವುದಿಲ್ಲ, ಹಾಗಾಗಿ ಇ-ಖಾತೆ ಬಂದಿದೆಯೇ, ಅದು ನಿಯಮಬದ್ಧ ಆಸ್ತಿಯ ಎ ಖಾತೆಯೇ, ನಿಯಮಬದ್ಧವಲ್ಲದ ಆಸ್ತಿಯ ಬಿ ಖಾತೆಯೇ ಎಂಬುದನ್ನು ಮೊದಲ ದಿನವೇ ಕೇಳಿ. ಮಾರುವವರ ಬಳಿ ಇರುವುದು ಕ್ರಯಪತ್ರವಲ್ಲ, ಜಿಪಿಎ (ಸಾಮಾನ್ಯ ಅಧಿಕಾರ ಪತ್ರ) ಮಾತ್ರ ಎಂದಾದರೆ ಮುಂದೆ ಮಾತನಾಡುವುದೇ ಬೇಡ. ಜಿಪಿಎ ಮೂಲಕ ಆಸ್ತಿಯ ಹಕ್ಕು ವರ್ಗವಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿಯೇ ಸ್ಪಷ್ಟವಾಗಿ ಹೇಳಿದೆ. ಹೊಸದಾಗಿ ಕಟ್ಟಿದ ಕಟ್ಟಡವಾದರೆ ಪ್ರತಿ ಮನೆಗೂ ಕಾಯಂ ವಿದ್ಯುತ್ ಮೀಟರ್ ಬಂದಿದೆಯೇ ನೋಡಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಸ್ವಾಧೀನಾನುಭವ ಪತ್ರ (ಕಟ್ಟಡ ನಕ್ಷೆಯಂತಿದೆ, ವಾಸಿಸಬಹುದು ಎಂದು ಪಾಲಿಕೆ ಕೊಡುವ ಒ.ಸಿ.) ಇಲ್ಲದ ಕಟ್ಟಡಗಳಿಗೆ ಸಂಪರ್ಕ ಸಿಗುವುದು ಕಷ್ಟವಾಯಿತು. ಚಿಕ್ಕ ನಿವೇಶನಗಳ ಮಟ್ಟಿಗೆ 2025ರಲ್ಲಿ ನಿಯಮ ಸಡಿಲವಾಯಿತು, ಆದರೂ ನೀವು ಕೊಳ್ಳುವ ದಿನದ ಸ್ಥಿತಿಯನ್ನು ವಕೀಲರಿಂದ ಬರಹದಲ್ಲಿ ಪಡೆಯಿರಿ.

ಇನ್ನು ಲೆಕ್ಕ. 1 ಕೋಟಿ 75 ಲಕ್ಷದ ಮೇಲೆ ಮುದ್ರಾಂಕ ಶುಲ್ಕ ಮತ್ತು ಅದರ ಉಪಕರಗಳು 5.6%, ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 2%. ಅಲ್ಲಿಗೇ 13 ಲಕ್ಷ 30 ಸಾವಿರ ಹೋಗುತ್ತದೆ. ನಿಮ್ಮ 90 ಲಕ್ಷದಲ್ಲಿ ಅದನ್ನು ಕಳೆದರೆ ಸಾಲ ಹತ್ತಿರ ಹತ್ತಿರ 1 ಕೋಟಿ ಬೇಕಾಗುತ್ತದೆ. 8.5% ಬಡ್ಡಿಗೆ, 20 ವರ್ಷದ ಅವಧಿಗೆ ಅದರ ಕಂತು ತಿಂಗಳಿಗೆ ಸುಮಾರು 87 ಸಾವಿರ. ಬ್ರೋಕರ್ ಹೇಳಿದ 72 ಸಾವಿರ ಪೂರ್ತಿಯಾಗಿ ಬಂದರೂ, ಒಂದು ಮನೆಯೂ ಒಂದು ದಿನವೂ ಖಾಲಿ ಇರದಿದ್ದರೂ, ನೀವು ಪ್ರತಿ ತಿಂಗಳು ಸಂಬಳದಿಂದ 15 ಸಾವಿರ ಹಾಕುತ್ತಲೇ ಇರಬೇಕು. ಗಲ್ಫ್ ಕೆಲಸ ಇರುವಷ್ಟು ದಿನ ಅದು ಭಾರವಲ್ಲ, ಆದರೆ ನೀವು ಆರೇಳು ವರ್ಷಕ್ಕೆ ಮರಳುವವರು. ನನ್ನ ಅಭಿಪ್ರಾಯದಲ್ಲಿ ಸಾಲ 50 ಲಕ್ಷ ಮೀರದಂತೆ ಕಟ್ಟಡವನ್ನು ಆರಿಸಿಕೊಳ್ಳುವುದು ಒಳ್ಳೆಯದು, ಅದು ಬೆಂಗಳೂರಿನಲ್ಲಿ ಸಿಗದಿದ್ದರೆ ಬೇರೆ ಊರನ್ನು ನೋಡಬೇಕಾದೀತು.

ಉತ್ತರ, ಮೈಸೂರಿನಿಂದ

ನಾನು ಕೊಂಡವಳಲ್ಲ, ನೋಡಿಕೊಳ್ಳುವವಳು. ಕೆನಡಾದಲ್ಲಿರುವ ನಮ್ಮ ಅಕ್ಕ ಮತ್ತು ಭಾವ ಇಲ್ಲಿ ಕೊಂಡಿರುವ ನಾಲ್ಕು ಮನೆಗಳ ಕಟ್ಟಡವನ್ನು ಎಂಟು ವರ್ಷಗಳಿಂದ ನಾನೇ ನಡೆಸುತ್ತಿರುವುದರಿಂದ ಈ ಕಡೆಯ ಮಾತನ್ನೂ ಹೇಳಬೇಕೆನಿಸಿತು.

ಭಾನುವಾರ ಬೆಳಿಗ್ಗೆ ಆರೂವರೆಗೆ ಮೇಲಿನ ಮನೆಯಿಂದ ಫೋನ್ ಬರುತ್ತದೆ, ಟ್ಯಾಂಕಿನಲ್ಲಿ ನೀರಿಲ್ಲ ಎಂದು. ಹೋಗಿ ನೋಡಿದರೆ ಸಂಪಿನಲ್ಲಿ ನೀರಿದೆ, ಮೋಟಾರು ತಿರುಗುತ್ತಿದೆ, ಆದರೆ ಕೆಳಗಿನ ಫುಟ್‌ವಾಲ್ವ್ ಕೆಟ್ಟು ನೀರು ಏರುತ್ತಿಲ್ಲ. ಪ್ಲಂಬರ್ ಬರುವುದು ಹನ್ನೊಂದಕ್ಕೆ. ಅಷ್ಟರಲ್ಲಿ ನಾಲ್ಕು ಕುಟುಂಬಗಳಿಗೆ ನಮ್ಮ ಮನೆಯ ನಲ್ಲಿಯಿಂದ ಬಿಂದಿಗೆಯಲ್ಲಿ ನೀರು ಹೋಗಬೇಕು. ಇಂಥ ಬೆಳಗು ವರ್ಷಕ್ಕೆ ನಾಲ್ಕೈದು ಬರುತ್ತವೆ. ಮಸ್ಕತ್‌ನಿಂದ ಇದನ್ನು ಮಾಡಲಾಗುವುದಿಲ್ಲ, ಹತ್ತು ನಿಮಿಷದ ದಾರಿಯಲ್ಲಿ ಒಬ್ಬರು ಬೇಕೇ ಬೇಕು. ಆ ಒಬ್ಬರು ಸಿಗುವ ಊರಿನಲ್ಲಿಯೇ, ಅವರ ಬಡಾವಣೆಯ ಆಸುಪಾಸಿನಲ್ಲಿಯೇ ಕಟ್ಟಡವನ್ನು ಹುಡುಕಿ, ಕಟ್ಟಡ ಕೊಂಡ ಮೇಲೆ ಮನುಷ್ಯರನ್ನು ಹುಡುಕಬೇಡಿ.

ಅವರು ಸಂಬಂಧಿಕರೇ ಆಗಿದ್ದರೂ ಹಣವನ್ನು ಮೊದಲೇ ಮಾತನಾಡಿಕೊಳ್ಳಿ. ಮೊದಲ ಎರಡು ವರ್ಷ ನಾನು ಏನೂ ತೆಗೆದುಕೊಳ್ಳಲಿಲ್ಲ, ಅವರೂ ಕೇಳಲಿಲ್ಲ, ಮನಸ್ಸಿನಲ್ಲಿ ಮಾತ್ರ ಸಣ್ಣ ಕಹಿ ಬೆಳೆಯತೊಡಗಿತು. ಆಮೇಲೆ ಭಾವನವರೇ ಬಾಯಿಬಿಟ್ಟು ಮಾತನಾಡಿ, ಬಂದ ಬಾಡಿಗೆಯಲ್ಲಿ ನೂರಕ್ಕೆ ಎಂಟು ನನಗೆಂದು ನಿಗದಿ ಮಾಡಿದರು. ಅಂದಿನಿಂದ ನನಗೂ ಕೆಲಸದಲ್ಲಿ ಅಧಿಕಾರ ಬಂದಂತಾಯಿತು. ಪ್ರತಿ ತಿಂಗಳ ಐದನೇ ತಾರೀಕು ಲೆಕ್ಕದ ಪುಸ್ತಕದ ಆ ಪುಟದ ಫೋಟೊವನ್ನು ಅಕ್ಕನಿಗೆ ಕಳುಹಿಸುತ್ತೇನೆ. ಬಾಡಿಗೆದಾರರ ಅಡ್ವಾನ್ಸ್ ಬೇರೆಯೇ ಠೇವಣಿಯಲ್ಲಿದೆ, ಅದನ್ನು ಯಾರೂ ಮುಟ್ಟುವಂತಿಲ್ಲ. ಮನೆ ಬಿಡುವಾಗ ಬಣ್ಣಕ್ಕೆಂದು ಒಂದು ತಿಂಗಳ ಬಾಡಿಗೆ ಹಿಡಿದು ಉಳಿದದ್ದನ್ನು ಕೀಲಿಕೈ ಕೊಟ್ಟ ದಿನವೇ ಕೊಡುತ್ತೇವೆ. ಹೋದವರೇ ಮುಂದಿನವರನ್ನು ಕಳುಹಿಸಿಕೊಡುತ್ತಾರೆ, ನಾನು ಟು-ಲೆಟ್ ಬೋರ್ಡ್ ಹಾಕಿ ನಾಲ್ಕು ವರ್ಷವಾಯಿತು.

ಪ್ರತಿ ಮನೆಗೂ ಬೇರೆ ಮೀಟರ್ ಇರುವ ಕಟ್ಟಡವನ್ನೇ ಆರಿಸಿಕೊಳ್ಳಿ ಎಂಬ ಮಾತನ್ನೂ ಸೇರಿಸುತ್ತೇನೆ. 2023ರಲ್ಲಿ ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ಗೃಹಜ್ಯೋತಿ ಯೋಜನೆ ಬಂದ ಮೇಲೆ ಮನೆ ನೋಡಲು ಬರುವವರು ಮೊದಲು ಕೇಳುವುದೇ ಅದನ್ನು. ಮೋಟಾರು ಮತ್ತು ಮೆಟ್ಟಿಲ ದೀಪಕ್ಕೆ ಇನ್ನೊಂದು ಮೀಟರ್ ಇದ್ದರೆ ಜಗಳವೇ ಇರುವುದಿಲ್ಲ. ಬೆಂಗಳೂರಿನಲ್ಲಾದರೆ ಕಾವೇರಿ ಸಂಪರ್ಕ ಇದೆಯೇ, ಬರೀ ಬೋರ್‌ವೆಲ್ ಇದೆಯೇ ಎಂಬುದನ್ನು ಬೇಸಿಗೆಯಲ್ಲಿಯೇ ನೋಡಬೇಕು. 2024ರ ಬೇಸಿಗೆಯಲ್ಲಿ ಅಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರವನ್ನು ಜಿಲ್ಲಾಡಳಿತವೇ ನಿಗದಿ ಮಾಡಬೇಕಾಗಿ ಬಂದದ್ದು ನಿಮಗೂ ನೆನಪಿರಬಹುದು.

ಉತ್ತರ, ಪುಣೆಯಿಂದ

ನನ್ನದು ಚಿಕ್ಕ ಅನುಭವ. ಹುಬ್ಬಳ್ಳಿಯ ಗೋಕುಲ ರಸ್ತೆಯ ಹತ್ತಿರ ಕೆಳಗೊಂದು, ಮೇಲೊಂದು ಮನೆ ಇರುವ ಕಟ್ಟಡವನ್ನು ಸಾಲವಿಲ್ಲದೆ ಕೊಂಡೆ. ಐದು ಮನೆಗಳಿಂದ ಕಲಿಯುವುದನ್ನು ಎರಡು ಮನೆಗಳಿಂದಲೂ ಕಲಿಯಬಹುದು, ತಪ್ಪಿನ ಬೆಲೆ ಮಾತ್ರ ಕಡಿಮೆ. ರಾತ್ರಿ ಬಸ್ ಹತ್ತಿದರೆ ಬೆಳಿಗ್ಗೆ ಅಲ್ಲಿರುತ್ತೇನೆ ಎಂಬುದು ನನಗೆ ದೊಡ್ಡ ಧೈರ್ಯ, ನಿಮಗೆ ಆ ಅನುಕೂಲವಿಲ್ಲ. ಹಾಗಾಗಿ ಮೈಸೂರಿನ ಸಹೋದರಿ ಹೇಳಿದ್ದನ್ನೇ ನಾನೂ ಮೊದಲಿಗೆ ಇಡುತ್ತೇನೆ.

ಮಸ್ಕತ್‌ನಿಂದ, ಮೂರು ವಾರಗಳ ನಂತರ

ನಿಮ್ಮ ಮಾತಿನಂತೆ ನನ್ನ ಹೆಂಡತಿಯ ತಮ್ಮ ಒಂದು ಸಂಜೆ ಆ ಕಟ್ಟಡಕ್ಕೆ ಹೋಗಿ ಎಲ್ಲರನ್ನೂ ಮಾತನಾಡಿಸಿಕೊಂಡು ಬಂದರು. ಐದರಲ್ಲಿ ಎರಡು ಮನೆಗಳು ಭೋಗ್ಯಕ್ಕಿವೆ, ಎರಡೂ ಸೇರಿ 15 ಲಕ್ಷ. ನಿಜವಾಗಿ ಬರುತ್ತಿರುವ ಬಾಡಿಗೆ 43 ಸಾವಿರ. ಇದನ್ನು ಕೇಳಿದಾಗ ಬ್ರೋಕರ್, ಭೋಗ್ಯ ಬಿಡಿಸಿದರೆ 72 ಬರುತ್ತದಲ್ಲ ಎಂದರು. ಸದ್ಯ ಅದನ್ನು ಕೈಬಿಟ್ಟಿದ್ದೇವೆ. ಅನಿವಾಸಿಗಳ ಬಾಡಿಗೆಯ ಮೇಲೆ ತೆರಿಗೆ ಕಡಿತದ ವಿಷಯವನ್ನು ಯಾರಾದರೂ ತಿಳಿಸುವಿರಾ?

ಉತ್ತರ, ನ್ಯೂಜೆರ್ಸಿಯಿಂದ

ಆ ಸಂಜೆಯ ಒಂದು ಭೇಟಿ ನಿಮ್ಮನ್ನು ಉಳಿಸಿತು, ನಿಜಕ್ಕೂ ಸಂತೋಷವಾಯಿತು. ತೆರಿಗೆಯ ವಿಷಯ ಹೀಗಿದೆ. ಮಾಲೀಕರು ಅನಿವಾಸಿಯಾಗಿದ್ದರೆ ಬಾಡಿಗೆ ಎಷ್ಟೇ ಸಣ್ಣದಿದ್ದರೂ ಬಾಡಿಗೆದಾರರು ಅದರಲ್ಲಿ 31.2% ಕಡಿತ ಮಾಡಿ ಸರ್ಕಾರಕ್ಕೆ ಕಟ್ಟಬೇಕೆಂಬುದು ನಿಯಮ. 14 ಸಾವಿರ ಬಾಡಿಗೆಯ ಮನೆಯವರಿಗೆ ಇದು ಗೊತ್ತಿರುವುದಿಲ್ಲ, ಗೊತ್ತಾದರೆ ಆ ತಾಪತ್ರಯವೇ ಬೇಡವೆಂದು ಬೇರೆ ಮನೆ ನೋಡುತ್ತಾರೆ. ಕಡಿಮೆ ದರದ ಕಡಿತಕ್ಕೆ ಆದಾಯ ತೆರಿಗೆ ಇಲಾಖೆಯಿಂದ ಪ್ರಮಾಣಪತ್ರ ಪಡೆಯಬಹುದು. ಬಾಡಿಗೆ ಆದಾಯದಲ್ಲಿ ಕಟ್ಟಿದ ಆಸ್ತಿ ತೆರಿಗೆಯನ್ನು ಕಳೆದು, ಉಳಿದದ್ದರ ಮೇಲೆ 30% ವಿನಾಯಿತಿಯೂ, ಸಾಲದ ಬಡ್ಡಿಯ ವಿನಾಯಿತಿಯೂ ಇರುವುದರಿಂದ ವರ್ಷದ ಕೊನೆಗೆ ರಿಟರ್ನ್ ಸಲ್ಲಿಸಿದಾಗ ಹೆಚ್ಚಿನ ಕಡಿತ ಹಿಂದಿರುಗುತ್ತದೆ. ಬಾಡಿಗೆಯು ಅನಿವಾಸಿಗಳ ಭಾರತದ ಆದಾಯಕ್ಕೆಂದೇ ಇರುವ ಎನ್‌ಆರ್‌ಒ ಬ್ಯಾಂಕ್ ಖಾತೆಗೆ ಬರಲಿ, ಕೊಳ್ಳುವ ಹಣವೂ ಬ್ಯಾಂಕ್ ಮೂಲಕವೇ ಹೋಗಲಿ. ಮಾರುವವರು ಇಲ್ಲಿಯ ನಿವಾಸಿಗಳಾಗಿದ್ದು ಬೆಲೆ 50 ಲಕ್ಷ ಅಥವಾ ಹೆಚ್ಚಿದ್ದರೆ ನೀವು 1% ಕಡಿತ ಮಾಡಿ ಕಟ್ಟಬೇಕು, ಅವರೂ ಅನಿವಾಸಿಯಾಗಿದ್ದರೆ ಕಡಿತ ಬಹಳ ದೊಡ್ಡದು, ಲೆಕ್ಕಪರಿಶೋಧಕರನ್ನು ಕೇಳದೆ ಹಣ ಕೊಡಬೇಡಿ.

ನೋಂದಣಿಗೆ ನೀವು ಬರಲಾಗದಿದ್ದರೆ ಮಸ್ಕತ್‌ನ ಭಾರತೀಯ ರಾಯಭಾರ ಕಚೇರಿಯಲ್ಲಿ ಈ ಒಂದು ಆಸ್ತಿಗೆ ಮಾತ್ರ ಸೀಮಿತವಾದ ಅಧಿಕಾರ ಪತ್ರ ಮಾಡಿಸಿ, ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಅದಕ್ಕೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಿಸಬೇಕು. ಆ ಸಂಜೆ ಐದು ಮನೆಗಳ ಬಾಗಿಲು ತಟ್ಟಿದ ನಿಮ್ಮ ಹೆಂಡತಿಯ ತಮ್ಮ ಯಾವ ಊರಿನಲ್ಲಿದ್ದಾರೆ? ನಾನು ನಿಮ್ಮ ಜಾಗದಲ್ಲಿದ್ದರೆ ಮುಂದಿನ ಕಟ್ಟಡವನ್ನು ಅವರ ಮನೆಯ ಸುತ್ತಮುತ್ತ ಹುಡುಕುತ್ತಿದ್ದೆ.